ಎಂಎಸ್ ಮುಗಿಸಿದ ಕಣ್ಣಿನ ಡಾಕ್ಟರ್‌ಗೆ ಸಂಶೋಧನೆ ಮಾಡಲು ದುಡ್ಡು ಎಲ್ಲಿಂದ?

ರಾಯಚೂರು_ಒಪಿಡಿ

ಎಲ್ಲರಿಗೂ ನಮಸ್ಕಾರ. ನಾನು ಎಂಎಸ್ ಆಫ್ತಲ್ಮಾಲಜಿ ಮುಗಿಸಿ ರಾಯಚೂರು ಕಡೆಯ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿದ್ದೇನೆ. ಬೇಸಿಗೆ ಬಂತೆಂದರೆ ನಮ್ಮ ಒಪಿಡಿ ತುಂಬ ಕಣ್ಣು ಕೆಂಪು ಮಾಡಿಕೊಂಡು, ತುರಿಕೆ ತಾಳಲಾರದೆ ಉಜ್ಜಿಕೊಳ್ಳುತ್ತ ಬರುವ ಮಕ್ಕಳೇ. ವರ್ನಲ್ ಅಲರ್ಜಿ. ಇವರಲ್ಲಿ ಕೆಲವರಿಗೆ ಹೈಸ್ಕೂಲು ಮುಗಿಯುವಷ್ಟರಲ್ಲಿ ಕೆರಟೋಕೋನಸ್ ಶುರುವಾಗಿರುತ್ತದೆ. ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾ ತೆಳುವಾಗಿ ಮುಂದಕ್ಕೆ ಉಬ್ಬುತ್ತದೆ, ಕನ್ನಡಕ ಹಾಕಿದರೂ ನೋಟ ಸರಿ ಬರುವುದಿಲ್ಲ. ಬೇಗ ಗೊತ್ತಾದರೆ ಕಾರ್ನಿಯಾ ಗಟ್ಟಿ ಮಾಡುವ ಕ್ರಾಸ್‌ಲಿಂಕಿಂಗ್ ಚಿಕಿತ್ಸೆ ಮಾಡಿ ಅಲ್ಲಿಗೇ ನಿಲ್ಲಿಸಬಹುದು. ತಡವಾದರೆ ಕಾರ್ನಿಯಾ ಕಸಿವರೆಗೂ ಹೋಗುತ್ತದೆ.

ಉಜ್ಜುವ ಎಲ್ಲ ಮಕ್ಕಳಿಗೂ ಹೀಗೆ ಆಗುವುದಿಲ್ಲ. ಯಾರಿಗೆ ಆಗುತ್ತದೆ ಅಂತ ಮೊದಲೇ ಹೇಳಲು ಸಾಧ್ಯವಾ ಎಂದು ನೋಡುವ ಆಸೆ. ಕಣ್ಣೀರಿನ ಸ್ಯಾಂಪಲ್, ಟೋಪೋಗ್ರಫಿ (ಕಾರ್ನಿಯಾದ ಆಕಾರ ಅಳೆಯುವ ಪರೀಕ್ಷೆ), ಒಂದೆರಡು ವರ್ಷ ಫಾಲೋ ಅಪ್, ಇಷ್ಟೇ.

ನಮ್ಮಲ್ಲಿ ಟೋಪೋಗ್ರಫಿ ಮೆಷಿನ್ ಇದೆ. ಲ್ಯಾಬ್ ಅಂತ ಹೇಳಿಕೊಳ್ಳುವಂಥದ್ದು ಇಲ್ಲ. ನನಗೆ ಪಿಎಚ್‌ಡಿ ಇಲ್ಲ, ಮನೆ ಸಾಲ ಇದೆ. ನೆಟ್ಟಲ್ಲಿ ಹುಡುಕಿದರೆ ಫೆಲೋಶಿಪ್‌ಗಳ ಉದ್ದುದ್ದ ಪಟ್ಟಿ ಸಿಗುತ್ತದೆ. ಯಾವುದು ನನ್ನಂಥವರಿಗೆ ಅಂತ ತಿಳಿಯುತ್ತಿಲ್ಲ. ಅರ್ಜಿ ಹಾಕಿದವರು ದಯವಿಟ್ಟು ಹೇಳಿ.

ಪಿಪೆಟ್_ಅಕ್ಕ

ಡಾಕ್ಟ್ರೇ, ಮೊದಲಿಗೆ ನಿಮಗೆ ಹೊಂದುವಂಥದ್ದು ಹೇಳಿಬಿಡುತ್ತೇನೆ. ಇಂಡಿಯಾ ಅಲಯನ್ಸ್‌ನ ಕ್ಲಿನಿಕಲ್ ಮತ್ತು ಪಬ್ಲಿಕ್ ಹೆಲ್ತ್ ಫೆಲೋಶಿಪ್. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ (ಡಿಬಿಟಿ) ಮತ್ತು ಬ್ರಿಟನ್ನಿನ ವೆಲ್‌ಕಮ್ ಎಂಬ ದತ್ತಿ ಸಂಸ್ಥೆ ಸೇರಿ 2008-09ರಿಂದ ನಡೆಸುತ್ತಿರುವುದು. 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಮೂರನೇ ಹಂತಕ್ಕೆ ಒಪ್ಪಿಗೆ ಕೊಟ್ಟಿತು. ಒಟ್ಟು 1,500 ಕೋಟಿ ರೂಪಾಯಿ, ಅದರಲ್ಲಿ ಸಾವಿರ ಕೋಟಿ ಡಿಬಿಟಿಯದು, 500 ಕೋಟಿ ವೆಲ್‌ಕಮ್‌ನದು. ಅರ್ಲಿ ಕರಿಯರ್, ಇಂಟರ್ಮೀಡಿಯಟ್ ಎರಡೂ ಮುಂದುವರಿಯುತ್ತವೆ. ಡಾಕ್ಟರ್‌ಗಳಿಗೆ ಪಿಎಚ್‌ಡಿ ಇರಲೇಬೇಕು ಅಂತಿಲ್ಲ. ನಿಮ್ಮ ಸಂಬಳವೂ ಅದರಲ್ಲೇ, ಸಂಶೋಧನೆ ಖರ್ಚೂ ಅದರಲ್ಲೇ.

ಎರಡನೆಯದು ಕೇಂದ್ರದ ಸಂಶೋಧನಾ ಅನುದಾನ ಸಂಸ್ಥೆ ಎಎನ್‌ಆರ್‌ಎಫ್‌ನ ನ್ಯಾಷನಲ್ ಪೋಸ್ಟ್‌ಡಾಕ್ ಫೆಲೋಶಿಪ್. ಎರಡು ವರ್ಷದ್ದು. ಎಂಡಿ, ಎಂಎಸ್ ಆದವರೂ ಹಾಕಬಹುದು, ಆದರೆ ವಯಸ್ಸು 35ರೊಳಗಿರಬೇಕು. ಹಳೇ ಅನುದಾನ ಮಂಡಳಿ ಎಸ್‌ಇಆರ್‌ಬಿ ಈಗ ಎಎನ್‌ಆರ್‌ಎಫ್ ಒಳಗೆ ಸೇರಿಹೋಗಿದೆ, ಹಾಗಾಗಿ ಹಳೇ ಲಿಂಕ್ ನೋಡಿ ಗೊಂದಲ ಮಾಡಿಕೊಳ್ಳಬೇಡಿ. ಅವರದೇ ಪ್ರೈಮ್ ಮಿನಿಸ್ಟರ್ ಅರ್ಲಿ ಕರಿಯರ್ ಗ್ರ್ಯಾಂಟ್ ಇದೆ, ಮೂರು ವರ್ಷಕ್ಕೆ 60 ಲಕ್ಷದವರೆಗೆ. ಅದಕ್ಕೆ ಕಾಯಂ ಅಧ್ಯಾಪಕ ಅಥವಾ ಸಂಶೋಧಕ ಹುದ್ದೆ ಬೇಕು. ಸದ್ಯಕ್ಕೆ ನಿಮಗಲ್ಲ.

ಆದರೆ ನನ್ನ ಮಾತು ಕೇಳುವುದಾದರೆ, ಫೆಲೋಶಿಪ್ ಹುಡುಕುವುದನ್ನು ಸ್ವಲ್ಪ ದಿನ ನಿಲ್ಲಿಸಿ. ಹೋಸ್ಟ್, ಅಂದರೆ ನಿಮ್ಮ ಕೆಲಸಕ್ಕೆ ಜಾಗ ಕೊಡುವ ಸಂಸ್ಥೆ, ಯಾರು ಅನ್ನುವುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ದುಡ್ಡು ನಿಮ್ಮ ಹೆಸರಿಗೆ ಮಂಜೂರಾದರೂ ಬರುವುದು ಸಂಸ್ಥೆಯ ಮೂಲಕವೇ. ಸ್ಯಾಂಪಲ್ ಎಲ್ಲಿಡುತ್ತೀರಿ, ಪರೀಕ್ಷೆ ಯಾರು ಮಾಡುತ್ತಾರೆ, ವಾರದಲ್ಲಿ ಎಷ್ಟು ಹೊತ್ತು ನಿಮ್ಮನ್ನು ಒಪಿಡಿಯಿಂದ ಬಿಡುತ್ತಾರೆ, ಇಂಟರ್‌ವ್ಯೂನಲ್ಲಿ ಇದನ್ನೇ ಕೆದಕುತ್ತಾರೆ. ಹೋಸ್ಟ್ ಇಲ್ಲದ ಒಳ್ಳೆ ಪ್ರಶ್ನೆಗಿಂತ ಹೋಸ್ಟ್ ಇರುವ ಸಾಧಾರಣ ಪ್ರಶ್ನೆ ಗೆದ್ದದ್ದನ್ನು ನೋಡಿದ್ದೇನೆ. ಸರಿಯೋ ತಪ್ಪೋ, ಇರುವುದೇ ಹಾಗೆ.

ಸುಮ್ನೆ_ಕೇಳ್ತೀನಿ

ಡಾಕ್ಟ್ರೇ, ತಪ್ಪು ತಿಳಿಯಬೇಡಿ. ನಿಮ್ಮ ಭಾಗದಲ್ಲಿ ಕಣ್ಣಿನ ಡಾಕ್ಟರ್‌ಗಳೇ ಕಮ್ಮಿ. ಇರುವವರೂ ಸಂಶೋಧನೆ ಅಂತ ಕೂತರೆ ಪೊರೆ ಆಪರೇಷನ್ ಮಾಡುವವರು ಯಾರು? ಡಾ. ಎಂ.ಸಿ. ಮೋದಿ ಅವರು ಊರೂರು ಸುತ್ತಿ ಕ್ಯಾಂಪ್ ಹಾಕಿದರು, ಲಕ್ಷಾಂತರ ಜನರಿಗೆ ಕಣ್ಣು ಬಂತು. ಅವರಿಗೆ ಯಾವ ಫೆಲೋಶಿಪ್ ಕೊಟ್ಟಿದ್ದರು?

ತುಂಗಭದ್ರಾ_ದಂಡೆ

ಮೋದಿಯವರ ಕ್ಯಾಂಪಿನ ನೆನಪು ನಮ್ಮ ಮನೆಯಲ್ಲೂ ಇದೆ. ಅಜ್ಜಿಗೆ ಅಲ್ಲೇ ಆಪರೇಷನ್ ಆಗಿತ್ತು. ಆದರೆ ಆಗ ಪೊರೆ ತೆಗೆದ ಮೇಲೆ ಒಳಗೆ ಲೆನ್ಸ್ ಇಡುತ್ತಿರಲಿಲ್ಲ. ಸೋಡಾ ಬುಡ್ಡಿ ಕನ್ನಡಕವೇ ಗತಿ. ಅದು ಒಡೆದರೆ ಮತ್ತೆ ಕುರುಡೇ. ಒಳಗಿಡುವ ಲೆನ್ಸನ್ನು ಹೊರದೇಶದಿಂದ ತರಿಸಬೇಕಿತ್ತು, ಬಡವರ ಕೈಗೆ ಸಿಗುತ್ತಿರಲಿಲ್ಲ. ಮದುರೈನ ಅರವಿಂದ್‌ನವರು 1992ರಲ್ಲಿ ಆರೋಲ್ಯಾಬ್ ಶುರು ಮಾಡಿ ಇಲ್ಲೇ ತಯಾರಿಸಿದ ಮೇಲೆ ಬೆಲೆ ಇಳಿಯಿತು. ಇವತ್ತು ಕ್ಯಾಂಪಿನಲ್ಲಿ ಆಪರೇಷನ್ ಆದವರು ಕನ್ನಡಕ ಇಲ್ಲದೆ ಓಡಾಡುತ್ತಿದ್ದರೆ ಅದಕ್ಕೆ ಯಾರೋ ಕೂತು ಮಾಡಿದ ಕೆಲಸವೇ ಕಾರಣ. ಎರಡೂ ಬೇಕು ಸ್ವಾಮಿ.

ಮೂಲ ಪ್ರಶ್ನೆಗೆ: ನಾನು ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವವನು. ಪಿಪೆಟ್ ಮೇಡಂ ಹೇಳಿದ್ದು ಸರಿ, ಆದರೆ ಅವರು ದೊಡ್ಡ ಬಾಗಿಲಿನಿಂದ ಶುರು ಮಾಡಿದರು. ನಾನು ಸಣ್ಣ ಬಾಗಿಲು ತೋರಿಸುತ್ತೇನೆ. ರಾಜೀವ್ ಗಾಂಧಿ ಆರೋಗ್ಯ ವಿವಿ ತನ್ನ ಕಾಲೇಜುಗಳ ಅಧ್ಯಾಪಕರಿಗೆ ಸಂಶೋಧನಾ ಅನುದಾನ ಕೊಡುತ್ತದೆ. ನೀವು ಅಧ್ಯಾಪಕರಲ್ಲ, ನಿಜ. ಆದರೆ ನಿಮ್ಮೂರಿನಲ್ಲೇ ಸರ್ಕಾರಿ ಮೆಡಿಕಲ್ ಕಾಲೇಜು ರಿಮ್ಸ್ ಇದೆ. ಅಲ್ಲಿನ ಕಣ್ಣಿನ ವಿಭಾಗದ ಯಾರಾದರೂ ಮುಖ್ಯ ಸಂಶೋಧಕರಾಗಿ, ನೀವು ಸಹ ಸಂಶೋಧಕರಾಗಿ ಸೇರಬಹುದಲ್ಲ? ಒಂದು ವರ್ಷ ಬರೀ ಟೋಪೋಗ್ರಫಿ ಮತ್ತು ಪ್ರಶ್ನಾವಳಿ. ಎಷ್ಟು ಮಕ್ಕಳು ಉಜ್ಜುತ್ತಾರೆ, ಎಷ್ಟು ಜನರ ಕಾರ್ನಿಯಾ ಆಗಲೇ ಓರೆಯಾಗಿದೆ. ಆ ಅಂಕಿ ಕೈಯಲ್ಲಿ ಹಿಡಿದು ದೊಡ್ಡ ಅರ್ಜಿ ಹಾಕಿ. ಪೈಲಟ್ ಡೇಟಾ ಇಲ್ಲದ ಅರ್ಜಿಯನ್ನು ರಿವ್ಯೂ ಮಾಡುವವರು ಪೂರ್ತಿ ಓದುವುದೂ ಅನುಮಾನ.

ರಾಯಚೂರು_ಒಪಿಡಿ

ಇಬ್ಬರಿಗೂ ಥ್ಯಾಂಕ್ಸ್. ನನ್ನ ಗೊಂದಲ ಇದು. ಕೆರಟೋಕೋನಸ್ ಬಗ್ಗೆ ಕಣ್ಣೀರು, ಎಪಿಥೀಲಿಯಂ (ಕಾರ್ನಿಯಾದ ಮೇಲ್ಪದರ) ಮಟ್ಟದ ಕೆಲಸ ಆಗುತ್ತಿರುವುದು ಬೆಂಗಳೂರಿನ ನಾರಾಯಣ ನೇತ್ರಾಲಯದ ಗ್ರೋ ಲ್ಯಾಬ್, ಹೈದರಾಬಾದಿನ ಎಲ್.ವಿ. ಪ್ರಸಾದ್ ಇಂಥ ಕಡೆ. ಅಲ್ಲಿ ಹೋಸ್ಟ್ ಸಿಕ್ಕರೆ ನಾನು ಅಲ್ಲಿಗೆ ಹೋಗಬೇಕು. ಮಕ್ಕಳು ಇಲ್ಲೇ ಇರುತ್ತಾರೆ. ಅವರನ್ನು ಫಾಲೋ ಅಪ್‌ಗೆ ಕರೆಸುವುದು ಯಾರು? ಹತ್ತಿ ಬಿಡಿಸುವ ಸಮಯದಲ್ಲಿ ನಮ್ಮ ಆಸ್ಪತ್ರೆಗೇ ಯಾರೂ ಬರುವುದಿಲ್ಲ.

ಪಿಪೆಟ್_ಅಕ್ಕ

ಅದೇ ನಿಮ್ಮ ಬಲ ಅಲ್ವಾ? ಬೆಂಗಳೂರಿನ ಲ್ಯಾಬ್‌ಗೆ ಫ್ರೀಜರ್ ಇದೆ, ಅಣುಗಳನ್ನು ಗುರುತಿಸುವ ಮಾಸ್ ಸ್ಪೆಕ್ ಮೆಷಿನ್ ಇದೆ, ನಿಮ್ಮ ಮಕ್ಕಳಿಲ್ಲ. 2016ರಲ್ಲಿ ಗೂಗಲ್‌ನವರು ಸಕ್ಕರೆ ಕಾಯಿಲೆಯಿಂದ ಕಣ್ಣಿಗೆ ಬರುವ ಡಯಾಬಿಟಿಕ್ ರೆಟಿನೋಪತಿ ಪತ್ತೆ ಮಾಡುವ ಎಐ ಬಗ್ಗೆ ವೈದ್ಯಕೀಯ ಪತ್ರಿಕೆ ಜಾಮಾದಲ್ಲಿ ಪ್ರಕಟಿಸಿದರಲ್ಲ, ಅದಕ್ಕೆ ಅಮೆರಿಕದ ಚಿತ್ರಗಳ ಜೊತೆ ಅರವಿಂದ್, ಶಂಕರ ನೇತ್ರಾಲಯ, ನಾರಾಯಣ ನೇತ್ರಾಲಯದ ಚಿತ್ರಗಳನ್ನೂ ಬಳಸಿದ್ದರು. ಕಂಪ್ಯೂಟರ್ ಅವರದು, ಕಣ್ಣು ನಮ್ಮದು. ರೋಗಿಗಳ ಜೊತೆ ವರ್ಷಗಟ್ಟಲೆ ಒಡನಾಟ ಇರುವ ಡಾಕ್ಟರ್ ಕೈಯಲ್ಲಿ ಏನಿದೆ ಅನ್ನುವುದು ಆ ಡಾಕ್ಟರ್‌ಗೇ ಗೊತ್ತಿರುವುದಿಲ್ಲ.

ಹಾಗಾಗಿ ಸ್ಯಾಂಪಲ್ ಮಾತ್ರ ಪ್ರಯಾಣ ಮಾಡಲಿ, ನೀವಲ್ಲ. ಕಣ್ಣೀರು ಹೀರುವ ಶರ್ಮರ್ ಕಾಗದದ ಪಟ್ಟಿಯಲ್ಲಿ ಕಣ್ಣೀರು ತೆಗೆದು ಮೈನಸ್ 80 ಡಿಗ್ರಿಯಲ್ಲಿಟ್ಟು, ತಿಂಗಳಿಗೊಮ್ಮೆ ಡ್ರೈ ಐಸ್‌ನಲ್ಲಿ ಕಳಿಸುವುದು. ಲ್ಯಾಬ್‌ನವರು ಸಹ ಸಂಶೋಧಕರು, ನೀವು ಮುಖ್ಯ. ಸ್ಯಾಂಪಲ್ ಯಾರದು, ಪೇಪರಿನಲ್ಲಿ ಹೆಸರು ಯಾವ ಜಾಗದಲ್ಲಿ, ಉಳಿದ ಸ್ಯಾಂಪಲ್ ಏನು ಮಾಡುವುದು, ಇದನ್ನು ಮೊದಲೇ ಬರೆದು ಸಹಿ ಹಾಕಿಸಿಕೊಳ್ಳಿ. "ಆಮೇಲೆ ನೋಡೋಣ ಡಾಕ್ಟ್ರೇ" ಅಂದರೆ ಬೇರೆ ಲ್ಯಾಬ್ ನೋಡಿ.

ತುಂಗಭದ್ರಾ_ದಂಡೆ

ಮೈನಸ್ 80 ಫ್ರೀಜರ್ ಅಂದಿರಿ. ಜನರೇಟರ್, ಡೀಸೆಲ್ ಎಲ್ಲ ಬಜೆಟ್‌ನಲ್ಲಿ ಬರೆಯಿರಿ. ಊರ ಪಕ್ಕದಲ್ಲೇ ಶಕ್ತಿನಗರದ ವಿದ್ಯುತ್ ಸ್ಥಾವರ ಇದ್ದರೂ ರಾಯಚೂರಿನಲ್ಲಿ ಕರೆಂಟ್ ಹೋಗುವುದು ಹೋಗಿಯೇ ಹೋಗುತ್ತದೆ.

ಲೆಕ್ಕಪತ್ರ_ನಿವೃತ್ತ

ಈ ವಿಷಯದಲ್ಲಿ ವಿಜ್ಞಾನಿಗಳೇ ಮಾತಾಡುತ್ತಾರೆ, ಅಕೌಂಟ್ಸ್‌ನವರನ್ನು ಯಾರೂ ಕೇಳುವುದಿಲ್ಲ. ನಾನು ಸಂಶೋಧನಾ ಸಂಸ್ಥೆಯೊಂದರಲ್ಲಿ ಪ್ರಾಜೆಕ್ಟ್ ಲೆಕ್ಕ ನೋಡಿ ನಿವೃತ್ತನಾದವನು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಡಾಕ್ಟ್ರೇ, ನಿಮ್ಮ ಟ್ರಸ್ಟ್‌ಗೆ ಕೇಂದ್ರದ ಡಿಎಸ್‌ಐಆರ್ ಇಲಾಖೆ ಸಂಶೋಧನಾ ಸಂಸ್ಥೆ ಅಂತ ಕೊಡುವ ಸಿರೋ ಮಾನ್ಯತೆ ಇದೆಯಾ ಅಂತ ಮೊದಲು ಕೇಳಿ. ಖಾಸಗಿ ಮತ್ತು ಟ್ರಸ್ಟ್ ಸಂಸ್ಥೆಗಳಿಗೆ ಇದಿಲ್ಲದಿದ್ದರೆ ಸರ್ಕಾರಿ ಗ್ರ್ಯಾಂಟ್‌ಗಳಲ್ಲಿ ಬಹಳಷ್ಟು ಅಲ್ಲೇ ಕೈತಪ್ಪುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಈಗ ಸಣ್ಣ ಗ್ರ್ಯಾಂಟ್ ಅಂತ 2 ಕೋಟಿವರೆಗೆ, ಮಧ್ಯಮ ಅಂತ 2ರಿಂದ 8 ಕೋಟಿವರೆಗೆ ಕೊಡುತ್ತದೆ. ಸಣ್ಣದು ಅಂದರೇ ಎರಡು ಕೋಟಿ! ಮಾನ್ಯತೆ ಇಲ್ಲದೆ ಅದರ ಕನಸು ಬೇಡ.

ಎರಡನೆಯದು ಕೊಟೇಷನ್. ಮೊದಲು ಸಂಶೋಧನಾ ಸಂಸ್ಥೆಗಳು ಕೊಳ್ಳುವ ಉಪಕರಣಕ್ಕೆ ಜಿಎಸ್‌ಟಿ 5 ಪರ್ಸೆಂಟ್ ಇತ್ತು. 2022ರ ಜುಲೈನಲ್ಲಿ ಆ ರಿಯಾಯಿತಿ ತೆಗೆದರು. ಹೆಚ್ಚಿನವಕ್ಕೆ 18 ಆಯಿತು. ಆಗ ಹಳೇ ಲೆಕ್ಕದಲ್ಲಿ ಮಂಜೂರಾಗಿದ್ದ ಪ್ರಾಜೆಕ್ಟ್‌ಗಳ ಪಾಡು ಕೇಳಬೇಡಿ. 40 ಲಕ್ಷದ ಮೆಷಿನ್‌ಗೆ 5 ಲಕ್ಷದ ಮೇಲೆ ವ್ಯತ್ಯಾಸ. ಅದನ್ನು ಎಲ್ಲಿಂದ ತರುವುದು? ಕೆಮಿಕಲ್ ಹಣ ಮುಟ್ಟುವಂತಿಲ್ಲ, ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋ) ಸಂಬಳ ಮುಟ್ಟುವಂತಿಲ್ಲ. ಒಂದು ಖರ್ಚಿನ ಹೆಡ್‌ನಿಂದ ಇನ್ನೊಂದಕ್ಕೆ ಹಾಕಬೇಕೆಂದರೆ ದಿಲ್ಲಿಯ ಒಪ್ಪಿಗೆ ಬೇಕು. ಹಾಗಾಗಿ ಕೊಟೇಷನ್ ತೆರಿಗೆ ಸೇರಿಸಿಯೇ ತೆಗೆದುಕೊಳ್ಳಿ, ವಾರಂಟಿ ಮುಗಿದ ಮೇಲಿನ ಸರ್ವಿಸ್ ಒಪ್ಪಂದವನ್ನೂ ಸೇರಿಸಿ. ಪ್ರಾಜೆಕ್ಟ್ ಮುಗಿದ ಮೇಲೆ ಬಟ್ಟೆ ಹೊದ್ದು ಮೂಲೆ ಸೇರಿದ ಮೆಷಿನ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ.

ಮೂರನೆಯದು ಮಾರ್ಚ್ 31. ಇದೊಂದು ಗ್ರಹಚಾರ. ಮೊದಲು ದುಡ್ಡು ಸಂಸ್ಥೆಯ ಖಾತೆಗೆ ಬಂದು ಕೂರುತ್ತಿತ್ತು. ಈಗ ಕೇಂದ್ರದ ಎಷ್ಟೋ ಯೋಜನೆಗಳಲ್ಲಿ ಶೂನ್ಯ ಬ್ಯಾಲೆನ್ಸ್ ಖಾತೆ. ಇಷ್ಟು ಖರ್ಚು ಮಾಡಬಹುದು ಅಂತ ಮಿತಿ ಬರುತ್ತದೆ, ಬಿಲ್ ಆದಾಗ ಹಣ ಇಳಿಯುತ್ತದೆ. ವರ್ಷ ಮುಗಿಯುವಷ್ಟರಲ್ಲಿ ಖರ್ಚಾಗದ ಮಿತಿ ವಾಪಸ್. ಮಿತಿ ಬರುವುದು ಡಿಸೆಂಬರ್‌ನಲ್ಲಿ, ಟೆಂಡರ್ ಮುಗಿಯುವುದು ಏಪ್ರಿಲ್‌ನಲ್ಲಿ ಅಂದರೆ ಹೇಗೆ? ಸರ್ಕಾರಕ್ಕೂ ಇದು ಕೇಳಿಸಿದೆ ಅನ್ನಿ. 2025ರ ಜೂನ್‌ನಲ್ಲಿ ಸರ್ಕಾರಿ ಸಂಶೋಧನಾ ಸಂಸ್ಥೆಗಳ ಖರೀದಿ ನಿಯಮ ಸಡಿಲಿಸಿದರು. ಕೊಟೇಷನ್ ಇಲ್ಲದೆ ನೇರವಾಗಿ ಕೊಳ್ಳುವ ಮಿತಿ ಒಂದು ಲಕ್ಷದಿಂದ ಎರಡು ಲಕ್ಷವಾಯಿತು. ಖರೀದಿ ಸಮಿತಿಯ ಮಿತಿ 10ರಿಂದ 25 ಲಕ್ಷಕ್ಕೆ ಏರಿತು. ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್ ಬಿಟ್ಟು ಹೊರಗೆ ಕೊಳ್ಳುವ ಅಧಿಕಾರ ಸಂಸ್ಥೆಯ ಮುಖ್ಯಸ್ಥರಿಗೆ ಬಂತು. ಒಳ್ಳೆಯದೇ. ಮಾರ್ಚ್ ಮಾತ್ರ ಮಾರ್ಚೇ.

ಕೊನೆಗೆ ಯುಸಿ, ಯುಟಿಲೈಸೇಷನ್ ಸರ್ಟಿಫಿಕೇಟ್, ಅಂದರೆ ಹಣ ಖರ್ಚಾದ ಲೆಕ್ಕದ ಪ್ರಮಾಣಪತ್ರ. ಫಾರ್ಮ್ 12ಎ. ಇದು ಹೋಗದೆ ಮುಂದಿನ ಕಂತು ಬರುವುದಿಲ್ಲ. ಹುಡುಗರ ಸ್ಟೈಪೆಂಡ್ ನಿಲ್ಲುವುದಕ್ಕೆ ಅರ್ಧ ಕಾರಣ ಇದೇ. ಯಾರದೋ ಮೇಜಿನ ಮೇಲೆ ಯುಸಿ ಮಲಗಿರುತ್ತದೆ.

ಸ್ಟೈಪೆಂಡ್_ಎಲ್ಲಿ

ಅಂಕಲ್, ಕೊನೆಯ ಸಾಲು ಫ್ರೇಮ್ ಹಾಕಿಸಿ ನಮ್ಮ ಆಫೀಸಿನಲ್ಲಿ ತೂಗುಹಾಕಬೇಕು. ನಾನು ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಜೆಆರ್‌ಎಫ್ 2023ರ ಜನವರಿಯಿಂದ 37,000, ಎಸ್‌ಆರ್‌ಎಫ್ (ಸೀನಿಯರ್ ಫೆಲೋ) 42,000, ಮೇಲೆ ಎಚ್‌ಆರ್‌ಎ. ಕೇಳಲು ಚೆನ್ನಾಗಿದೆ. ಬಂದರೆ ತಾನೇ? ನನಗೆ ತಿಂಗಳುಗಟ್ಟಲೆ ಬರದೆ, ಆಮೇಲೆ ಒಟ್ಟಿಗೆ ಬರುತ್ತದೆ. ಪಿಜಿ ಓನರ್ ಒಟ್ಟಿಗೆ ತೆಗೆದುಕೊಳ್ಳುವುದಿಲ್ಲವಲ್ಲ. ಊರಿಗೆ ಫೋನ್ ಮಾಡಿ ಅಪ್ಪನ ಹತ್ತಿರ ದುಡ್ಡು ಕೇಳುವಾಗ "ಸರ್ಕಾರದ ಸ್ಕಾಲರ್‌ಶಿಪ್ ಅಂದಿದ್ಯಲ್ಲಮ್ಮ" ಅನ್ನುತ್ತಾರೆ. ಏನು ಹೇಳಲಿ?

ಡಾಕ್ಟ್ರೇ, ನೀವು ಪ್ರಾಜೆಕ್ಟ್‌ಗೆ ಜೆಆರ್‌ಎಫ್ ತೆಗೆದುಕೊಳ್ಳುತ್ತೀರಲ್ಲ, ಆ ಹುಡುಗ ಹುಡುಗಿಯ ಬಗ್ಗೆಯೂ ಯೋಚಿಸಿ. ಪ್ರಾಜೆಕ್ಟ್ ಮೂರು ವರ್ಷಕ್ಕೆ ಮುಗಿಯುತ್ತದೆ, ಪಿಎಚ್‌ಡಿ ಮುಗಿಯುವುದಿಲ್ಲ. ಹಣ ತಡವಾದರೆ ಆಸ್ಪತ್ರೆ ಮುಂಗಡ ಕೊಡುತ್ತದೆ ಅಂತ ಟ್ರಸ್ಟಿಗಳಿಂದ ಒಂದು ಕಾಗದ ಬರೆಸಿಕೊಳ್ಳಿ. ಇದು ಯಾವ ಅರ್ಜಿಯಲ್ಲೂ ಕೇಳುವುದಿಲ್ಲ.

ಲೆಕ್ಕಪತ್ರ_ನಿವೃತ್ತ

ಮಗಳೇ, ನೀನು ಹೇಳಿದ್ದು ನೂರಕ್ಕೆ ನೂರು ನಿಜ. ಮುಂಗಡದ ಉಪಾಯ ಒಳ್ಳೆಯದು. ಕಂತು ಬಂದಾಗ ಸರಿಹೊಂದಿಸಿಕೊಳ್ಳಬಹುದು. ನಮ್ಮಲ್ಲಿ ಒಬ್ಬ ನಿರ್ದೇಶಕರು ಹಾಗೆ ಮಾಡಿದ್ದರು.

ಹೂಸ್ಟನ್_ಹೋಳಿಗೆ

ಇಲ್ಲಿ ಅಮೆರಿಕದಲ್ಲಿ ರೆಟಿನಾ ಲ್ಯಾಬ್‌ನಲ್ಲಿ ಪೋಸ್ಟ್‌ಡಾಕ್ ಆಗಿದ್ದೇನೆ. ಈ ಕಡೆಯದನ್ನೂ ಹೇಳುತ್ತೇನೆ, ಯಾರಿಗಾದರೂ ಉಪಯೋಗವಾಗಬಹುದು.

ಇಲ್ಲಿ ಕಣ್ಣಿಗೇ ಅಂತ ಒಂದು ಸರ್ಕಾರಿ ಸಂಸ್ಥೆ ಇದೆ, ನ್ಯಾಷನಲ್ ಐ ಇನ್‌ಸ್ಟಿಟ್ಯೂಟ್. 1968ರಲ್ಲಿ ಇಲ್ಲಿನ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಒಳಗೆ ಶುರುವಾಯಿತು. ವರ್ಷಕ್ಕೆ ಸುಮಾರು 90 ಕೋಟಿ ಡಾಲರ್ ಬಜೆಟ್. ರೂಪಾಯಿಯಲ್ಲಿ ಏಳು ಸಾವಿರ ಕೋಟಿಗಿಂತ ಮೇಲೆ. ನಮ್ಮ ದೇಶದ ಇಡೀ ಆರೋಗ್ಯ ಸಂಶೋಧನಾ ಇಲಾಖೆಗೆ, ಅಂದರೆ ಐಸಿಎಂಆರ್ ಎಲ್ಲ ಸೇರಿ, 2025-26ರಲ್ಲಿ ಇಟ್ಟದ್ದು ಸುಮಾರು 3,900 ಕೋಟಿ. ಇದನ್ನು ಓದಿ ಬೇಜಾರು ಮಾಡಿಕೊಳ್ಳಬೇಡಿ, ಅಳತೆ ಗೊತ್ತಿರಲಿ ಅಂತ ಬರೆದೆ.

ಆದರೆ ದುಡ್ಡಿದ್ದರೂ ವೀಸಾದವರಿಗೆ ಎಲ್ಲವೂ ಸಿಗುವುದಿಲ್ಲ. ಎನ್‌ಐಎಚ್‌ನ ಎಫ್31 (ಪಿಎಚ್‌ಡಿ), ಎಫ್32 (ಪೋಸ್ಟ್‌ಡಾಕ್) ಫೆಲೋಶಿಪ್‌ಗೆ ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಬೇಕು. ಪೋಸ್ಟ್‌ಡಾಕ್‌ನಿಂದ ಸ್ವಂತ ಲ್ಯಾಬ್‌ಗೆ ಹೋಗುವವರ ಕೆ99 ಮಾತ್ರ ಯಾರಾದರೂ ಹಾಕಬಹುದು. ಅದಕ್ಕೆ ಪೋಸ್ಟ್‌ಡಾಕ್ ಅನುಭವ ನಾಲ್ಕು ವರ್ಷ ದಾಟಿರಬಾರದು. ನಮ್ಮ ಹುಡುಗರು ವೀಸಾ, ಪೇಪರ್ ಅಂತ ಓಡಾಡುವಷ್ಟರಲ್ಲಿ ಆ ಗಡಿ ಮುಗಿದಿರುತ್ತದೆ. ಗ್ಲಾಕೋಮಾ, ಮ್ಯಾಕ್ಯುಲಾ ಮೇಲೆ ಕೆಲಸ ಮಾಡುವವರು ಬ್ರೈಟ್‌ಫೋಕಸ್ ಎಂಬ ದತ್ತಿ ಸಂಸ್ಥೆ ನೋಡಿ, ಅವರು ಹೊರದೇಶದ ಸಂಶೋಧಕರಿಗೂ ಕೊಡುತ್ತಾರೆ.

ಇಲ್ಲಿಯೂ ಈಗ ನೆಮ್ಮದಿ ಇಲ್ಲ. 2025ರ ಫೆಬ್ರವರಿಯಲ್ಲಿ ಓವರ್‌ಹೆಡ್ ಹಣ (ಕಟ್ಟಡ, ಕರೆಂಟ್, ಆಡಳಿತದ ಖರ್ಚಿಗೆ ಸಂಸ್ಥೆಗೆ ಕೊಡುವುದು) 15 ಪರ್ಸೆಂಟ್‌ಗಿಂತ ಜಾಸ್ತಿ ಕೊಡುವುದಿಲ್ಲ ಅಂದರು, ಕೋರ್ಟ್ ತಡೆಯಿತು. ಮೇ ತಿಂಗಳಲ್ಲಿ ಹೊರದೇಶದ ಸಂಸ್ಥೆಗಳಿಗೆ ಹೋಗುವ ಉಪ ಅನುದಾನ ನಿಲ್ಲಿಸಿ, ಹೊಸ ವ್ಯವಸ್ಥೆ ತರುತ್ತೇವೆ ಅಂದರು. ಭಾರತದ ಯಾವುದಾದರೂ ಆಸ್ಪತ್ರೆ ಅಮೆರಿಕದ ಪ್ರೊಫೆಸರ್ ನಂಬಿಕೊಂಡು ಪ್ಲಾನ್ ಮಾಡಿದ್ದರೆ ಇನ್ನೊಮ್ಮೆ ಯೋಚಿಸುವುದು ಒಳ್ಳೆಯದು. ನನಗಂತೂ ರಾಮಲಿಂಗಸ್ವಾಮಿ ಫೆಲೋಶಿಪ್ ಮೇಲೆ ಕಣ್ಣಿದೆ. ಹೊರಗಿರುವವರು ವಾಪಸ್ ಬರಲಿ ಅಂತಲೇ ಡಿಬಿಟಿ ಕೊಡುವುದು, ಐದು ವರ್ಷ. ಅದರ ಮುಂದೆ ಕೆಲಸ ಖಾಯಂ ಆಗುತ್ತದಾ ಅನ್ನುವುದನ್ನು ಮಾತ್ರ ಅದು ಹೇಳುವುದಿಲ್ಲ.

ಸುಮ್ನೆ_ಕೇಳ್ತೀನಿ

ಡಾಕ್ಟ್ರೇ, ನೇರವಾಗಿ ಒಂದು ಫಾರಿನ್ ಚಾರಿಟಿಯಿಂದ ನಿಮ್ಮ ಟ್ರಸ್ಟ್‌ಗೆ ದುಡ್ಡು ತರಿಸಿದರೆ ಆಗಲ್ವಾ? ಇಷ್ಟೆಲ್ಲ ತಲೆನೋವು ಯಾಕೆ?

ಲೆಕ್ಕಪತ್ರ_ನಿವೃತ್ತ

ತಲೆನೋವು ಬೇಡ ಅಂತ ಎಫ್‌ಸಿಆರ್‌ಎಗೆ, ಅಂದರೆ ವಿದೇಶಿ ದೇಣಿಗೆ ಕಾಯ್ದೆಗೆ, ಹೋಗುತ್ತೀರಾ! ನೋಂದಣಿ ಬೇಕು. 2020ರ ತಿದ್ದುಪಡಿ ನಂತರ ಹಣ ದಿಲ್ಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆಡಳಿತ ಖರ್ಚು 20 ಪರ್ಸೆಂಟ್ ದಾಟುವಂತಿಲ್ಲ. ಒಂದು ಸಂಸ್ಥೆಗೆ ಬಂದದ್ದನ್ನು ಇನ್ನೊಂದಕ್ಕೆ ಕೊಡುವಂತಿಲ್ಲ. ಅಂದರೆ ನಿಮ್ಮ ಟ್ರಸ್ಟ್‌ಗೆ ಬಂದ ದುಡ್ಡಿನಲ್ಲಿ ಬೆಂಗಳೂರಿನ ಲ್ಯಾಬ್‌ಗೆ ಪಾಲು ಕಳಿಸಲಾಗದು. ಹೊರದೇಶದವರ ಜೊತೆಗಿನ ಆರೋಗ್ಯ ಸಂಶೋಧನೆಗೆ ಆರೋಗ್ಯ ಸಚಿವಾಲಯದ ಸ್ಕ್ರೀನಿಂಗ್ ಸಮಿತಿಯ ಒಪ್ಪಿಗೆ ಬೇರೆ. ಮೊದಲ ಸಲಕ್ಕೆ ಈ ದಾರಿ ಬೇಡ.

ಕೋಡ್_ಮತ್ತು_ಕಾಫಿ

ಡಿಬಿಟಿಯ ಉದ್ಯಮ ನೆರವು ಸಂಸ್ಥೆ ಬಿರಾಕ್‌ನ ಬಿಗ್ ಗ್ರ್ಯಾಂಟ್ ಯಾರೂ ಹೇಳಲಿಲ್ಲ. 18 ತಿಂಗಳಿಗೆ 50 ಲಕ್ಷದವರೆಗೆ. ಬೆಂಗಳೂರಿನ ಸ್ಟಾರ್ಟಪ್ ಕೇಂದ್ರ ಸಿ-ಕ್ಯಾಂಪ್ ಮೂಲಕ ಹಾಕಬಹುದು. ಫೋನ್‌ನಲ್ಲೇ ಕೆರಟೋಕೋನಸ್ ಪತ್ತೆ ಮಾಡುವ ಡಿವೈಸ್ ಮಾಡೋಣ ಡಾಕ್ಟ್ರೇ, ನಾನು ಕೋಡ್ ಬರೆಯುತ್ತೇನೆ. ಕಣ್ಣಿನ ಒಳಭಾಗದ ಚಿತ್ರ ತೆಗೆಯುವ ಫೋರಸ್‌ನ 3ನೇತ್ರ, ರೆಮಿಡಿಯೋದ ಫೋನ್ ಫಂಡಸ್ ಕ್ಯಾಮೆರಾ ಎರಡೂ ಬೆಂಗಳೂರಿನವೇ ತಾನೇ.

ಪಿಪೆಟ್_ಅಕ್ಕ

ಬಿಗ್ ಒಳ್ಳೆಯದೇ, ಆದರೆ ಅದು ಮಾರುಕಟ್ಟೆಗೆ ಹೋಗುವ ಐಡಿಯಾಗೆ. ಮಕ್ಕಳನ್ನು ವರ್ಷಗಟ್ಟಲೆ ಫಾಲೋ ಮಾಡುವುದಕ್ಕೆ ಅಲ್ಲ. ಡಾಕ್ಟರ್ ಹತ್ತಿರ ಡೇಟಾ ಆದಮೇಲೆ ನೀವಿಬ್ಬರೂ ಕೂತು ಮಾತಾಡಿ. ಡಿವೈಸ್ ಮೊದಲು, ರೋಗ ಆಮೇಲೆ ಅಂತ ಹೊರಟವರನ್ನು ಬೇಕಾದಷ್ಟು ನೋಡಿದ್ದೇನೆ.

ರಾಯಚೂರು_ಒಪಿಡಿ

ಇಷ್ಟು ಜನ ಇಷ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಇವತ್ತು ಆಫೀಸಿನಲ್ಲಿ ವಿಚಾರಿಸಿದೆ. ಸಿರೋ ಮಾನ್ಯತೆ ಇಲ್ಲ. "ಅದೇನು ಸಾರ್?" ಅಂತ ನನ್ನನ್ನೇ ಕೇಳಿದರು. ಹಾಗಾಗಿ ಸದ್ಯ ತುಂಗಭದ್ರಾ ಸರ್ ಹೇಳಿದ ದಾರಿ. ರಿಮ್ಸ್‌ನಲ್ಲಿ ನನ್ನ ಸೀನಿಯರ್ ಒಬ್ಬರಿದ್ದಾರೆ, ಅವರಿಗೆ ಒಂದು ಪುಟದ ಟಿಪ್ಪಣಿ ಕಳಿಸಿದ್ದೇನೆ. ಲ್ಯಾಬ್‌ಗೂ ಮೇಲ್ ಹಾಕುತ್ತೇನೆ. ಏಮ್ಸ್ ಬೇಕು ಅಂತ ನಮ್ಮೂರಿನಲ್ಲಿ 2022ರಿಂದ ಧರಣಿ ಕೂತಿದ್ದಾರೆ. ಅದು ಬಂದಿದ್ದರೆ ಈ ಹೋಸ್ಟ್ ಪ್ರಶ್ನೆಯೇ ಇರುತ್ತಿರಲಿಲ್ಲ, ಅದು ಬೇರೆ ಕಥೆ.

ಇನ್ನೊಂದು ಅನುಮಾನ. ಟೋಪೋಗ್ರಫಿ ನಮ್ಮ ಆಸ್ಪತ್ರೆಯಲ್ಲೇ ಆಗುವುದಾದರೆ ಎಥಿಕ್ಸ್ ಒಪ್ಪಿಗೆ ರಿಮ್ಸ್‌ನದೊಂದೇ ಸಾಕಾ?

ತುಂಗಭದ್ರಾ_ದಂಡೆ

ಸಾಕು ಅಂದುಕೊಂಡು ಹೊರಡಬೇಡಿ. ರೋಗಿಗಳು ನಿಮ್ಮಲ್ಲಿ, ಹಾಗಾಗಿ ನಿಮ್ಮ ಕಡೆಯಿಂದಲೂ ಒಪ್ಪಿಗೆ ಇರಬೇಕು. 2019ರ ನಿಯಮದ ಪ್ರಕಾರ ಬಯೋಮೆಡಿಕಲ್ ಸಂಶೋಧನೆ ನೋಡುವ ಎಥಿಕ್ಸ್ ಸಮಿತಿ ಆರೋಗ್ಯ ಸಂಶೋಧನಾ ಇಲಾಖೆಯಲ್ಲಿ ನೋಂದಣಿ ಆಗಿರಬೇಕು. ನಿಮ್ಮಲ್ಲಿ ಸಮಿತಿಯೇ ಇಲ್ಲದಿದ್ದರೆ, ರಿಮ್ಸ್ ಸಮಿತಿ ನಿಮ್ಮ ಜಾಗವನ್ನೂ ನೋಡಿಕೊಳ್ಳುತ್ತದೆ ಅಂತ ಎರಡೂ ಕಡೆ ಒಪ್ಪಂದ ಮಾಡಿಕೊಳ್ಳುವ ದಾರಿ ಇದೆಯಾ ಅಂತ ಅಲ್ಲಿನ ಸದಸ್ಯ ಕಾರ್ಯದರ್ಶಿಯನ್ನು ಕೇಳಿ. ಮಕ್ಕಳ ಮೇಲಿನ ಅಧ್ಯಯನ, ತಂದೆ ತಾಯಿಯ ಸಹಿ ಬೇಕು. ಸ್ವಲ್ಪ ದೊಡ್ಡ ಮಕ್ಕಳಿಗೆ ಅವರಿಗೇ ವಿವರಿಸಿ ಅವರ ಒಪ್ಪಿಗೆಯನ್ನೂ ತೆಗೆದುಕೊಳ್ಳಬೇಕು. ಫಾರಂ ಕನ್ನಡದಲ್ಲಿರಲಿ, ನಿಮ್ಮ ಗಡಿ ಭಾಗಕ್ಕೆ ತೆಲುಗಿನಲ್ಲೂ ಇರಲಿ.

ಸೆಕೆಂಡ್_ಇಯರ್_ಎಂಬಿಬಿಎಸ್

ನಡುವೆ ಬಾಯಿ ಹಾಕುತ್ತಿದ್ದೇನೆ, ಸಾರಿ. ನಮ್ಮಂಥ ಸ್ಟೂಡೆಂಟ್‌ಗಳಿಗೆ ಏನಾದರೂ ಇದೆಯಾ?

ಪಿಪೆಟ್_ಅಕ್ಕ

ಇದೆ ಪುಟ್ಟ. ಐಸಿಎಂಆರ್‌ನ ಎಸ್‌ಟಿಎಸ್, ಶಾರ್ಟ್ ಟರ್ಮ್ ಸ್ಟೂಡೆಂಟ್‌ಶಿಪ್. 1979ರಿಂದ ನಡೆಯುತ್ತಿದೆ. ನಿಮ್ಮದೇ ಕಾಲೇಜಿನ ಪ್ರೊಫೆಸರ್ ಒಬ್ಬರನ್ನು ಗೈಡ್ ಮಾಡಿಕೊಂಡು ಎರಡು ತಿಂಗಳ ಸಣ್ಣ ಕೆಲಸ. ವರದಿ ಒಪ್ಪಿಗೆ ಆದಮೇಲೆ ಸ್ಟೈಪೆಂಡ್ ಬರುತ್ತದೆ. ಕಾಲೇಜು ಎಲ್ಲಿ?

ಸೆಕೆಂಡ್_ಇಯರ್_ಎಂಬಿಬಿಎಸ್

ರಿಮ್ಸ್, ರಾಯಚೂರು!

ರಾಯಚೂರು_ಒಪಿಡಿ

ಮೆಸೇಜ್ ಮಾಡು ತಮ್ಮ. ಟೋಪೋಗ್ರಫಿ ಮೆಷಿನ್ ಮುಂದೆ ಕೂರುವುದಕ್ಕೆ ಒಬ್ಬರು ಬೇಕೇ ಬೇಕು.